ಎರಡು ಮಳೆಗಾಲ ಖಾಲಿ ಬಿದ್ದಿದ್ದ ಪೂಲ್‌ಗೆ ಮತ್ತೆ ನೀರು ತುಂಬಿಸಬೇಕು, ಕ್ಲೋರಿನ್ ಎಷ್ಟು ಹಾಕಲಿ?

ಕಾಫಿಗಿಡ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆಯಲ್ಲಿ ಒಂದು ಸಣ್ಣ ಪೂಲ್ ಇದೆ. ಅಣ್ಣ ಆಸೆಪಟ್ಟು ಕಟ್ಟಿಸಿದ್ದು. ಅವನು ಸಂಸಾರ ಸಮೇತ ಹೊರದೇಶಕ್ಕೆ ಹೋದ ಮೇಲೆ ನೋಡಿಕೊಳ್ಳುವವರಿಲ್ಲ ಅಂತ ನೀರು ತೆಗೆದು ಹಾಗೇ ಬಿಟ್ಟಿದ್ದೆವು. ಎರಡು ಮಳೆಗಾಲ ಕಳೆಯಿತು. ಏಪ್ರಿಲ್‌ನಲ್ಲಿ ಎಲ್ಲರೂ ಬರುತ್ತಿದ್ದಾರೆ. ಮಕ್ಕಳು ಈಗಲೇ ಫೋನ್‌ನಲ್ಲಿ "ಚಿಕ್ಕಪ್ಪ, ಪೂಲ್ ರೆಡಿನಾ?" ಅಂತ ಪ್ರಾಣ ತಿನ್ನುತ್ತಿದ್ದಾರೆ.

ಉದ್ದ 8 ಮೀಟರ್, ಅಗಲ 4 ಮೀಟರ್. ಆಳ ಒಂದು ತುದಿಯಲ್ಲಿ 0.9 ಮೀಟರ್, ಇನ್ನೊಂದು ತುದಿಯಲ್ಲಿ 1.5. ಕಾಂಕ್ರೀಟ್ ಪೂಲ್, ಒಳಗೆ ನೀಲಿ ಟೈಲ್ಸ್. 1 ಎಚ್‌ಪಿ ಮೋಟರ್, ಮರಳಿನ ಫಿಲ್ಟರ್. ನೀರು ಬೋರ್‌ವೆಲ್‌ದು. ಸದ್ಯ ತಳದಲ್ಲಿ ಮೊಣಕಾಲುದ್ದ ಮಳೆನೀರು, ಕೊಳೆತ ಸಿಲ್ವರ್ ಓಕ್ ಎಲೆ, ಜೊತೆಗೆ ಕಪ್ಪೆಗಳ ದೊಡ್ಡ ಸಂಸಾರ.

ನನ್ನ ಪ್ರಶ್ನೆ ಒಂದೇ. ತೊಳೆದು ನೀರು ಬಿಟ್ಟ ಮೇಲೆ ಕ್ಲೋರಿನ್ ಎಷ್ಟು ಹಾಕಬೇಕು?

ಸರ್ಜಾಪುರ ರೋಡ್

ಲೆಕ್ಕ ಸುಲಭ. ಆಳ ಸರಾಸರಿ 1.2 ಮೀಟರ್ ಅಂತ ಹಿಡಿದರೆ 8 ಗುಣಿಸು 4 ಗುಣಿಸು 1.2, ಅಂದರೆ 38.4 ಘನ ಮೀಟರ್. 38,400 ಲೀಟರ್ ನೀರು. ಬ್ಲೀಚಿಂಗ್ ಪೌಡರ್ ಅರ್ಧ ಕೆಜಿ ಮೇಲೆ ಸ್ವಲ್ಪ ಹಾಕಿ. 33 ಪರ್ಸೆಂಟ್‌ದಾದರೆ ಸುಮಾರು 5 ಪಿಪಿಎಂ (ಲೀಟರ್‌ಗೆ 5 ಮಿಲಿಗ್ರಾಂ) ಕ್ಲೋರಿನ್ ಬರುತ್ತದೆ. ರಾತ್ರಿಯಿಡೀ ಮೋಟರ್ ಓಡಿಸಿ. ಆಯ್ತು.

ಪೂಲ್ ಕೆಲಸದವನು, ಮೈಸೂರು

ಆಗಲಿಲ್ಲ ಸರ್. ಇನ್ನೂ ಶುರುವೇ ಆಗಿಲ್ಲ.

ಖಾಲಿ ಪೂಲ್ ಅಂದರೆ ತುಂಬಿದ ಪೂಲ್‌ಗಿಂತ ಜಾಸ್ತಿ ತೊಂದರೆಯಲ್ಲಿರುವ ಪೂಲ್. ಒಳಗೆ 38 ಟನ್ ನೀರು ಇದ್ದಾಗ ಆ ಭಾರ ಗೋಡೆಯನ್ನೂ ತಳವನ್ನೂ ಒತ್ತಿ ಹಿಡಿದಿರುತ್ತದೆ. ಖಾಲಿ ಮಾಡಿದರೆ ಹೊರಗಿನ ಮಣ್ಣು, ಮಣ್ಣಿನ ನೀರು ಒಳಕ್ಕೆ ತಳ್ಳುತ್ತವೆ. ಸಕಲೇಶಪುರದ ಮಳೆಯಲ್ಲಿ ಭೂಮಿ ಪೂರ್ತಿ ನೆನೆದಾಗ ತಳವೇ ಮೇಲೆದ್ದು ಬಿರುಕು ಬಿಡಬಹುದು. ಫೈಬರ್ ಪೂಲ್ ಆಗಿದ್ದರೆ ಇಡೀ ತೊಟ್ಟಿಯೇ ತೇಲಿ ಮೇಲೆ ಬಂದಿರುತ್ತಿತ್ತು. ಕಾಂಕ್ರೀಟ್ ಆಗಿದ್ದಕ್ಕೆ, ಮತ್ತೆ ಒಂದಷ್ಟು ಮಳೆನೀರು ಒಳಗೆ ನಿಂತಿದ್ದಕ್ಕೆ ನೀವು ಬಚಾವಾಗಿರಬಹುದು.

ಆದ್ದರಿಂದ ಆ ಮಳೆನೀರನ್ನು ಸಡನ್ ಆಗಿ ಹೊಡೆದು ಹಾಕಬೇಡಿ. ಈಗ ಬೇಸಿಗೆ ಹತ್ತಿರ ಬಂದಿದೆ, ಪರವಾಗಿಲ್ಲ. ಆದರೂ ಪಕ್ಕದ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಅಂತ ನೋಡಿಕೊಳ್ಳಿ. ಪೂಲ್‌ನ ತಳಕ್ಕಿಂತ ಕೆಳಗಿದ್ದರೆ ಧೈರ್ಯವಾಗಿ ಖಾಲಿ ಮಾಡಿ. ತಳದ ಡ್ರೈನ್ ಗುಂಡಿಯಲ್ಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಅಂತ ಒಂದು ಇರಬಹುದು. ಹೊರಗಿನ ನೀರಿನ ಒತ್ತಡ ಜಾಸ್ತಿ ಆದಾಗ ತಾನೇ ತೆರೆದುಕೊಂಡು ನೀರನ್ನು ಒಳಕ್ಕೆ ಬಿಡುತ್ತದೆ. ಅದರ ಬಾಯಲ್ಲಿ ಕಲ್ಲು ಮಣ್ಣು ಸಿಕ್ಕಿಕೊಂಡಿದ್ದರೆ ತುಂಬಿಸಿದ ನೀರೆಲ್ಲ ಅಲ್ಲಿಂದಲೇ ಹೋಗುತ್ತದೆ, ತೆಗೆದು ತೊಳೆಯಿರಿ.

ಕಸ ತೆಗೆಯುವಾಗ ಸ್ಕಿಮ್ಮರ್ (ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಗೂಡು) ಬಾಯಿಗೆ ಬರಿಗೈ ಹಾಕಬೇಡಿ. ಕಪ್ಪೆ ಇದ್ದಲ್ಲಿ ಹಾವು ಇರುತ್ತದೆ. ಕೋಲು, ಟಾರ್ಚು, ಆಮೇಲೆ ಕೈ.

ಒಣಗಿದ ಮೇಲೆ ಒಂದು ಮರದ ಸುತ್ತಿಗೆ ಹಿಡಿ ತೆಗೆದುಕೊಂಡು ಪ್ರತಿ ಟೈಲ್ಸ್ ಮೇಲೂ ಮೆಲ್ಲಗೆ ಬಡಿಯಿರಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಿಸಿಲಿಗೆ ಒಣಗಿದ ಪೂಲ್‌ನಲ್ಲಿ ಟೈಲ್ಸ್ ಬಿಡುವುದು ಮಾಮೂಲು. ನೀರೊಳಗಿನ ಲೈಟ್ ಕೆಲಸ ಮಾಡುತ್ತಾ ಅಂತ ಈಗ ಹಾಕಿ ನೋಡಬೇಡಿ. ಹಳೆಯ ಲೈಟ್‌ಗಳು ನೀರಿನಿಂದಲೇ ತಣ್ಣಗಾಗುವಂಥವು, ಒಣಗಿದ್ದಾಗ ಹಾಕಿದರೆ ಸುಟ್ಟು ಹೋಗುತ್ತವೆ.

ಕಾಫಿಗಿಡ, ಸಕಲೇಶಪುರ

ಧನ್ಯವಾದ ಅಣ್ಣ. ನೀರು ತೆಗೆದು ತೊಳೆದಾಯಿತು. ಸ್ಕಿಮ್ಮರ್ ಒಳಗೆ ಹಾವಿನ ಪೊರೆ ಮಾತ್ರ ಇತ್ತು, ಹಾವು ಮನೆಯಲ್ಲಿರಲಿಲ್ಲ. ಕಪ್ಪೆಗಳನ್ನು ಬಕೆಟ್‌ನಲ್ಲಿ ತುಂಬಿ ಗದ್ದೆಗೆ ಬಿಟ್ಟೆವು.

ಟೈಲ್ಸ್ ಬಡಿದು ನೋಡಿದೆ. ಗುಡ್ಡದ ಕಡೆಯ ಗೋಡೆಯಲ್ಲಿ ಟೊಳ್ಳು ಸದ್ದು ಜಾಸ್ತಿ. ಅದೇ ಗೋಡೆಯ ಬುಡದಲ್ಲಿ ಒಂದು ಕಡೆ ಟೈಲ್ಸ್ ಸಂದು ಯಾವಾಗಲೂ ಒದ್ದೆಯಾಗಿಯೇ ಇರುತ್ತದೆ. ಒರೆಸಿದರೆ ಸಂಜೆ ಹೊತ್ತಿಗೆ ಮತ್ತೆ ಒದ್ದೆ.

ಪೂಲ್ ಕೆಲಸದವನು, ಮೈಸೂರು

ಅದು ಗುಡ್ಡದ ವರತೆ ನೀರು. ಈಗ ಒಳಕ್ಕೆ ಬರುವ ದಾರಿಯಲ್ಲೇ ನಾಳೆ ನಿಮ್ಮ ಪೂಲ್ ನೀರು ಹೊರಕ್ಕೆ ಹೋಗುತ್ತದೆ. ಟೊಳ್ಳು ಟೈಲ್ಸ್ ತೆಗೆಸಿ, ಬಿರುಕು ಕೊರೆದು ವಾಟರ್‌ಪ್ರೂಫ್ ಕೋಟ್ ಹೊಡೆಸಿ, ಟೈಲ್ಸ್ ಕೂರಿಸಿ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ಚೀಲದ ಮೇಲೆ ಎಷ್ಟು ದಿನ ಒಣಗಬೇಕು ಅಂತ ಬರೆದಿರುತ್ತದೋ ಅಷ್ಟು ದಿನ ಕಾಯಿರಿ. ಮಕ್ಕಳು ಬರುತ್ತಾರೆ ಅಂತ ಗ್ರೌಟ್ ಬೇಗ ಒಣಗುವುದಿಲ್ಲ.

ಗುಡ್ಡದ ಕಡೆ ಗೋಡೆಗೆ ಹೊರಗಿನಿಂದ ಒಂದು ಚರಂಡಿ ತೆಗೆದು ಜಲ್ಲಿ ತುಂಬಿಸಿ ನೀರಿಗೆ ದಾರಿ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು.

ಹೇಮಾವತಿ ದಂಡೆ

ನಾನೂ ಅದೇ ಕಡೆಯವಳು. ಹೇಳಲೇಬೇಕು ಅನ್ನಿಸಿತು, ಬೇಜಾರು ಮಾಡಿಕೊಳ್ಳಬೇಡಿ. ಇದು ಹೂವಿನ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಾರದೆ ಎಲ್ಲರೂ ಮುಗಿಲು ನೋಡುತ್ತಿರುವ ಸಮಯ. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು ನೀರಿಲ್ಲದೆ ಒದ್ದಾಡುತ್ತಿದ್ದೇವೆ. ಈಗ ಬೋರ್ ಓಡಿಸಿ ಪೂಲ್ ತುಂಬಿಸುವುದು ಬೇಕಾ?

ಸರ್ಜಾಪುರ ರೋಡ್

ಬೆಂಗಳೂರಿನಲ್ಲಿ ನಾವು ಇದನ್ನು ಚೆನ್ನಾಗಿಯೇ ಅನುಭವಿಸಿದ್ದೇವೆ. 2024ರ ಮಾರ್ಚ್‌ನಲ್ಲಿ ಬೋರ್‌ಗಳು ಬತ್ತಿದಾಗ ಪೂಲ್‌ಗೆ ಕುಡಿಯುವ ನೀರು ಬಳಸಬಾರದು ಅಂತ ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ನಮ್ಮ ಅಪಾರ್ಟ್‌ಮೆಂಟ್‌ನ ಪೂಲ್‌ಗೆ ಬೀಗ ಬಿತ್ತು. ಟ್ಯಾಂಕರ್‌ನಲ್ಲಿ ತುಂಬಿಸುತ್ತೇವೆ ಅಂದರೆ 6,000 ಲೀಟರ್‌ನ ಟ್ಯಾಂಕರ್ ಏಳು ಬೇಕು ಈ ಅಳತೆಗೆ. ಆ ಬೇಸಿಗೆಯಲ್ಲಿ ಒಂದು ಸಿಗುವುದೇ ದೊಡ್ಡದಾಗಿತ್ತು.

ಕಾಫಿಗಿಡ, ಸಕಲೇಶಪುರ

ಅಕ್ಕ, ಬೇಜಾರೇನಿಲ್ಲ. ನಾನೂ ಕಾಫಿಯವನೇ, ನಮ್ಮದೂ ರೊಬಸ್ಟಾ ಇದೆ. ಲೆಕ್ಕ ಹಾಕಿ ನೋಡಿದೆ. ಒಂದು ಎಕರೆಗೆ ಒಂದು ಇಂಚು ನೀರು ಹೊಡೆಯಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಪೂಲ್‌ಗೆ ಹೋಗುವುದು ಅದರ ಅರ್ಧಕ್ಕಿಂತ ಕಡಿಮೆ. ಹಾಗಂತ ನೀವು ಹೇಳಿದ್ದು ಸುಳ್ಳಲ್ಲ. ಸ್ಪ್ರಿಂಕ್ಲರ್‌ಗೆ ಕೆರೆ ನೀರು ಬಳಸುತ್ತೇವೆ, ಬೋರ್ ಮನೆಗೆ ಮಾತ್ರ. ಹೇಗೂ ಗ್ರೌಟ್ ಒಣಗಬೇಕು. ಒಂದು ಹೂವಿನ ಮಳೆ ಬಿದ್ದ ಮೇಲೇ ತುಂಬಿಸುತ್ತೇನೆ.

ಹೇಮಾವತಿ ದಂಡೆ

ಹಾಗಾದರೆ ಸರಿ. ಮಳೆ ಬೇಗ ಬರಲಿ, ನಿಮಗೂ ನಮಗೂ.

ಕೆಮಿಸ್ಟ್ರಿ ಮೇಷ್ಟ್ರು

ತುಂಬಿಸುವ ಮೊದಲು ಒಂದು ಕೆಲಸ ಮಾಡಿ ತಮ್ಮಾ. ಬಿಳಿ ಬಕೆಟ್ ತೆಗೆದುಕೊಂಡು ಬೋರ್ ನೀರು ಹಿಡಿಯಿರಿ. ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ನೋಡಿ. ಬಕೆಟ್‌ನಲ್ಲಿ ಆಗಿದ್ದೇ ಪೂಲ್‌ನಲ್ಲೂ ಆಗುತ್ತದೆ. ಕ್ಲೋರಿನ್ ಎಷ್ಟು ಅನ್ನುವುದು ಆಮೇಲಿನ ಮಾತು. ನಿಮ್ಮ ನೀರಿನಲ್ಲಿ ಈಗಾಗಲೇ ಏನೇನಿದೆ ಅನ್ನುವುದು ಮೊದಲ ಮಾತು.

ಕಾಫಿಗಿಡ, ಸಕಲೇಶಪುರ

ಮೇಷ್ಟ್ರೇ, ಮಾಡಿದೆ. ಹಿಡಿದಾಗ ನೀರು ಗಾಜಿನಂತೆ ತಿಳಿಯಾಗಿತ್ತು. ಪೌಡರ್ ಹಾಕಿ ಕಲಕುತ್ತಿದ್ದಂತೆ ಮೊದಲು ತೆಳು ಹಳದಿ ಆಯಿತು. ಕಾಫಿ ಕುಡಿದು ಬರುವಷ್ಟರಲ್ಲಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕೆಂಪಗೆ ತಿರುಗಿತ್ತು. ಸಂಜೆ ನೋಡಿದರೆ ಮೇಲೆ ತಿಳಿ, ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ. ಬೆರಳಲ್ಲಿ ಉಜ್ಜಿದರೆ ನುಣ್ಣಗೆ, ಅಂಟಂಟು. ಬಕೆಟ್ ಗೋಡೆಯ ಮೇಲಿನ ಕಲೆ ಸೋಪಿಗೆ ಹೋಗಲಿಲ್ಲ, ನಿಂಬೆಹಣ್ಣು ಉಜ್ಜಿದಾಗ ಹೋಯಿತು.

ನೀರನ್ನು ಲ್ಯಾಬ್‌ಗೂ ಕೊಟ್ಟೆ. ಪಿಎಚ್ 6.6, ಆಲ್ಕಲಿನಿಟಿ (ಹುಳಿ ತಡೆಯುವ ಶಕ್ತಿ) 50, ಗಡಸುತನ 60, ಕಬ್ಬಿಣ 1.2. ಗಾಬರಿ ಆಗಬೇಕಾ?

ಕೆಮಿಸ್ಟ್ರಿ ಮೇಷ್ಟ್ರು

ಗಾಬರಿ ಬೇಡ. ಮಲೆನಾಡು, ಕರಾವಳಿಯ ಎಷ್ಟೋ ಬೋರ್‌ಗಳಲ್ಲಿ ಹೀಗೇ. ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದು. ಭೂಮಿಯೊಳಗೆ ಗಾಳಿ ಸಿಗದೆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿಯೋ ಕ್ಲೋರಿನ್ನೋ ತಾಗಿದ ಕೂಡಲೇ ತುಕ್ಕಾಗಿ ಹೊರಬರುತ್ತದೆ. ನಿಂಬೆಹಣ್ಣಿನ ಹುಳಿಗೆ ಕಲೆ ಬಿಟ್ಟಿತಲ್ಲ, ಕಬ್ಬಿಣ ಅನ್ನುವುದಕ್ಕೆ ಅದೇ ಸಾಕ್ಷಿ.

ಲೀಟರ್‌ಗೆ 1.2 ಮಿಲಿಗ್ರಾಂ ಅಂದರೆ ಇಡೀ ಪೂಲ್‌ನಲ್ಲಿ 46 ಗ್ರಾಂ. ಅಷ್ಟೇ. ಆದರೆ ಆ 46 ಗ್ರಾಂ ನಿಮ್ಮ ಹೊಸ ಗ್ರೌಟ್ ಮೇಲೆ ಕೂತರೆ ನೀಲಿ ಪೂಲ್ ಕಂದು ಪೂಲ್ ಆಗುತ್ತದೆ. ಸರ್ಜಾಪುರದವರು ಹೇಳಿದಂತೆ ಒಂದೇ ಸಲಕ್ಕೆ ಅರ್ಧ ಕೆಜಿ ಸುರಿದಿದ್ದರೆ ಅದೇ ಆಗುತ್ತಿತ್ತು.

ಇನ್ನೊಂದು ವಿಷಯ. ಪಿಎಚ್ 6.6 ಇದೆ ಅಂತ ಈಗಲೇ ವಾಷಿಂಗ್ ಸೋಡಾ ತರಲು ಓಡಬೇಡಿ. ಬೋರ್ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದಕ್ಕೇ ಹುಳಿ. ಮೋಟರ್ ಓಡಿ ನೀರು ಕಲಕಿ ಗಾಳಿ ಸೇರಿದರೆ ಅದು ಹಾರಿಹೋಗಿ ಪಿಎಚ್ ತಾನಾಗಿಯೇ ಏರುತ್ತದೆ.

ಸರ್ಜಾಪುರ ರೋಡ್

ಒಪ್ಪಿದೆ ಮೇಷ್ಟ್ರೇ. ನಮ್ಮ ಕಡೆ ಸಮಸ್ಯೆ ಉಲ್ಟಾ. ನಮ್ಮ ಬೋರ್ ನೀರಿನ ಗಡಸುತನ 600 ದಾಟುತ್ತದೆ. ಟೈಲ್ಸ್ ಮೇಲೆ ಬಿಳಿ ಗೆರೆ, ಫಿಲ್ಟರ್ ಮರಳು ಗಟ್ಟಿ ಹೆಂಟೆ. ಕಬ್ಬಿಣದ ಯೋಚನೆಯೇ ಬರಲಿಲ್ಲ.

ಡಲ್ಲಾಸ್ ಕನ್ನಡಿಗ

ಇಲ್ಲಿ ಇದಕ್ಕೆ ಬಾಟಲಿಯಲ್ಲಿ ಔಷಧಿ ಸಿಗುತ್ತದೆ, ಸೀಕ್ವೆಸ್ಟ್ರೆಂಟ್ ಅಂತ. ನೀರು ತುಂಬುವಾಗಲೇ ಹಾಕಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಲೆ ಆಗುವುದಿಲ್ಲ. ಭಾರತದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಷ್ಟೆಲ್ಲ ತಲೆಬಿಸಿ ಯಾಕೆ?

ಪೂಲ್ ಕೆಲಸದವನು, ಮೈಸೂರು

ಸರ್, ಅದು ಕಬ್ಬಿಣವನ್ನು ತೆಗೆಯುವುದಿಲ್ಲ, ಬಚ್ಚಿಡುತ್ತದೆ. ಕ್ಲೋರಿನ್ ಆ ಔಷಧಿಯನ್ನೇ ನಿಧಾನಕ್ಕೆ ತಿಂದು ಹಾಕುತ್ತದೆ. ಆಗಾಗ ಹಾಕುತ್ತಲೇ ಇರಬೇಕು. ಒಂದು ತಿಂಗಳು ಮರೆತರೆ ಕಲೆ ಬಂತು. ಮೇಲಿಂದ ಇವರು ಬೇಸಿಗೆಯಲ್ಲಿ ಆವಿಯಾದಷ್ಟಕ್ಕೂ ಅದೇ ಬೋರ್ ನೀರು ಬಿಡುತ್ತಾರೆ. ನೀರು ಆವಿಯಾಗುತ್ತದೆ, ಕಬ್ಬಿಣ ಉಳಿಯುತ್ತದೆ. ಬಚ್ಚಿಡುವ ಬದಲು ಹೊರಗೆ ಹಾಕುವುದೇ ಸರಿ.

ಡಲ್ಲಾಸ್ ಕನ್ನಡಿಗ

ನಿಮ್ಮ ಮಾತು ತೆಗೆದುಹಾಕುವಂತಿಲ್ಲ. ನಮಗೆ ಇಲ್ಲಿ ಸಿಟಿ ನೀರು, ಕಬ್ಬಿಣ ಲೆಕ್ಕಕ್ಕಿಲ್ಲದಷ್ಟು. ಅದಕ್ಕೇ ಬಾಟಲಿಯಲ್ಲೇ ಮುಗಿದುಹೋಗುತ್ತದೆ ಅನ್ನಿಸುತ್ತೆ.

ಮಂಗಳೂರು ಅಕ್ಕ

ನಮ್ಮ ಮನೆಯ ಸಣ್ಣ ಪೂಲ್‌ಗೂ ಇದೇ ಕೆಂಪು ನೀರು. ನಾವು ಬೋರ್ ನೀರನ್ನು ನೇರ ಪೂಲ್‌ಗೆ ಬಿಡುವುದಿಲ್ಲ. ಸಿಂಟೆಕ್ಸ್ ಟ್ಯಾಂಕಿನ ಮೇಲೆ ಶವರ್ ತಲೆ ಕಟ್ಟಿ ಅದರಿಂದ ಬೀಳಿಸುತ್ತೇವೆ. ಬೀಳುವಾಗ ಗಾಳಿ ತಾಗಿ ಒಂದಷ್ಟು ಕಬ್ಬಿಣ ಟ್ಯಾಂಕಿನಲ್ಲೇ ತಳ ಹಿಡಿಯುತ್ತದೆ. ಟ್ಯಾಂಕಿನ ತಳದಿಂದ ಒಂದು ಗೇಣು ಮೇಲೆ ಪೈಪ್ ಹಾಕಿ ತಿಳಿ ನೀರನ್ನು ಮಾತ್ರ ಪೂಲ್‌ಗೆ ಬಿಡುತ್ತೇವೆ. ಪೂಲ್‌ಗೆ ಬೀಳುವ ಕಡೆ ತೂತು ಬಕೆಟ್ ಇಟ್ಟು ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಿಸುತ್ತೇವೆ. ಆ ಹತ್ತಿ ಕೆಂಪಗಾಗುವುದನ್ನು ನೋಡಿದರೆ ಖುಷಿಯಾಗುತ್ತದೆ ಮಾರಾಯ್ರೆ, ಅಷ್ಟು ಪೂಲ್‌ಗೆ ಹೋಗಲಿಲ್ಲವಲ್ಲ ಅಂತ.

ಮೋಟರ್ ರಿಪೇರಿ, ಹಾಸನ

ನೀರಿನ ಮಾತೇ ಆಯಿತು, ಮೋಟರ್ ಕಡೆ ಯಾರೂ ನೋಡಲಿಲ್ಲ. ಇಷ್ಟು ಕಾಲ ನಿಂತ ಮೋಟರ್‌ಗೆ ಸೀದಾ ಸ್ವಿಚ್ ಹಾಕಬೇಡಿ. ಮೇನ್ ತೆಗೆದು, ಹಿಂದಿನ ಫ್ಯಾನ್ ಕವರ್ ಬಿಚ್ಚಿ ಫ್ಯಾನನ್ನು ಕೈಯಲ್ಲಿ ತಿರುಗಿಸಿ. ತಿರುಗದಿದ್ದರೆ ಜಾಮ್ ಆಗಿದೆ. ಹಾಗೇ ಕರೆಂಟ್ ಕೊಟ್ಟರೆ ಕಾಯಿಲ್ ಸುಡುತ್ತದೆ. ತಿರುಗಿಯೂ ಸ್ವಿಚ್ ಹಾಕಿದಾಗ ಗುಂಯ್ ಅಂತ ಮಾತ್ರ ಸದ್ದು ಬಂದರೆ ಮೊದಲು ಕೆಪಾಸಿಟರ್ ನೋಡಿಸಿ. ಒಳಗೆ ಇರುವೆ ಗೂಡು ಕಟ್ಟಿರುವುದೂ ಉಂಟು. ಮೆಕ್ಯಾನಿಕಲ್ ಸೀಲ್ ಒಣಗಿ ಸೀಳಿರುತ್ತದೆ, ಮೋಟರ್ ಮತ್ತು ಪಂಪ್ ನಡುವೆ ನೀರು ತೊಟ್ಟಿಕ್ಕಿದರೆ ಅದೇ.

ಪಂಪ್ ಮುಂದಿನ ಕಸದ ಬುಟ್ಟಿ ಇರುವ ಡಬ್ಬಿಗೆ ತುಂಬಾ ನೀರು ಹಾಕಿ, ಮುಚ್ಚಳದ ರಬ್ಬರ್ ರಿಂಗ್ ಒರೆಸಿ ಸಿಲಿಕಾನ್ ಗ್ರೀಸ್ ಸವರಿ ಮುಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ. ವ್ಯಾಸಲೀನ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ನೀರು ಎಳೆಯದೆ ಗಾಳಿ ಗುಳ್ಳೆ ಬರುತ್ತಲೇ ಇದ್ದರೆ ಸಕ್ಷನ್ ಕಡೆಯ ಒಂದೊಂದೇ ಜಾಯಿಂಟ್ ಮೇಲೆ ಮಗ್ಗಿನಲ್ಲಿ ನೀರು ಸುರಿಯುತ್ತಾ ಬನ್ನಿ. ಯಾವ ಜಾಯಿಂಟ್ ಮೇಲೆ ಸುರಿದಾಗ ಗುಳ್ಳೆ ನಿಲ್ಲುತ್ತದೋ ಕಳ್ಳ ಅಲ್ಲೇ.

ಅರ್ಥಿಂಗ್ ಸರಿಯಿದೆಯಾ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಪೂಲ್ ಕೆಲಸದವನು, ಮೈಸೂರು

ಮೋಟರ್ ಸಾಹೇಬರು ಚೆನ್ನಾಗಿ ಹೇಳಿದರು. ಅದರ ಜೊತೆ ಫಿಲ್ಟರ್ ಮೇಲಿನ ಹಿಡಿ, ನೀರಿನ ದಾರಿ ಬದಲಾಯಿಸುವಂಥದ್ದು. ಮೋಟರ್ ಓಡುತ್ತಿರುವಾಗ ಹಿಡಿ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಕಿತ್ತು ಬರುತ್ತದೆ. ಆಫ್ ಮಾಡಿ, ತಿರುಗಿಸಿ, ಆಮೇಲೆ ಆನ್. ಮರಳು ಐದಾರು ವರ್ಷ ಹಳೆಯದಾಗಿದ್ದರೆ ಬದಲಾಯಿಸಿಬಿಡಿ. ಫಿಲ್ಟರ್ ಮರಳೇ ತನ್ನಿ, ಹೊಳೆ ಮರಳು ಬೇಡ. ಮೊದಲು ಬ್ಯಾಕ್‌ವಾಶ್ (ನೀರು ಉಲ್ಟಾ ಹರಿಸಿ ಮರಳು ತೊಳೆಯುವುದು), ಆಮೇಲೆ ರಿನ್ಸ್, ಆಮೇಲೆ ಫಿಲ್ಟರ್. ಶುದ್ಧವಾಗಿದ್ದಾಗ ಪ್ರೆಷರ್ ಮುಳ್ಳು ಎಲ್ಲಿದೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಅದಕ್ಕಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡುವ ಹೊತ್ತು.

ಕಾಫಿಗಿಡ, ಸಕಲೇಶಪುರ

ಮಳೆ ಬಿತ್ತು! ತೋಟವೆಲ್ಲ ಕಾಫಿ ಹೂವಿನ ಮಲ್ಲಿಗೆಯಂಥ ವಾಸನೆ. ಗ್ರೌಟ್ ಒಣಗಿದೆ, ಮೋಟರ್ ಕೆಪಾಸಿಟರ್ ಬದಲಾಯಿಸಿದ ಮೇಲೆ ಓಡುತ್ತಿದೆ. ಮಂಗಳೂರು ಅಕ್ಕ ಹೇಳಿದಂತೆ ಟ್ಯಾಂಕ್ ಮೂಲಕ ನೀರು ಬಿಡಲು ಶುರು ಮಾಡಿದ್ದೇನೆ. ಬೋರ್ ಗಂಟೆಗೆ ಸುಮಾರು 2,000 ಲೀಟರ್ ಕೊಡುತ್ತದೆ. ಒಂದೇ ಸಮ ಓಡಿಸದೆ ಬಿಟ್ಟು ಬಿಟ್ಟು ತುಂಬಿಸುತ್ತೇನೆ. ನಡುವೆ ನಿಲ್ಲಿಸಿದರೆ ತೊಂದರೆ ಇದೆಯಾ?

ಪೂಲ್ ಕೆಲಸದವನು, ಮೈಸೂರು

ಟೈಲ್ಸ್ ಪೂಲ್‌ಗೆ ತೊಂದರೆ ಇಲ್ಲ. ಬರೀ ಪ್ಲಾಸ್ಟರ್ ಆಗಿದ್ದರೆ ನಿಲ್ಲಿಸಿದ ಮಟ್ಟದಲ್ಲಿ ಗೆರೆ ಉಳಿಯುತ್ತಿತ್ತು. ಬೋರ್‌ಗೂ ಬಿಡುವು ಕೊಟ್ಟಂತಾಯಿತು. ಸ್ಕಿಮ್ಮರ್ ಬಾಯಿಯ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಬಂದಾಗ ನಿಲ್ಲಿಸಿ.

ಮಂಗಳೂರು ಅಕ್ಕ

ಒಂದು ಮಾತು. ಅರ್ಧ ತುಂಬಿದ ಪೂಲ್ ಪೂರ್ತಿ ತುಂಬಿದ್ದಕ್ಕಿಂತ ಅಪಾಯ. ದಂಡೆಯಿಂದ ನೀರು ಕೆಳಗಿರುತ್ತದೆ, ಬಿದ್ದವರಿಗೆ ಅಂಚು ಕೈಗೆ ಸಿಗುವುದಿಲ್ಲ. ಇನ್ನೂ ರೆಡಿಯಾಗಿಲ್ಲವಲ್ಲ ಅಂತ ಯಾರೂ ಆ ಕಡೆ ಕಣ್ಣಿಡುವುದೂ ಇಲ್ಲ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಮಕ್ಕಳಿದ್ದಾರಲ್ಲ? ಇವತ್ತೇ ಬೇಲಿ ಹಾಕಿ, ಗೇಟಿಗೆ ಚಿಲಕ ಮೇಲ್ಗಡೆ ಇರಲಿ. ತಳದ ಡ್ರೈನ್ ಜಾಲರಿಯ ಸ್ಕ್ರೂ ಬಿಗಿ ಇದೆಯಾ ಅಂತ ನೀರು ಮುಚ್ಚುವ ಮೊದಲೇ ಕೈ ಹಾಕಿ ಎಳೆದು ನೋಡಿ. ಜಾಲರಿ ಇಲ್ಲದ ಡ್ರೈನ್ ಮಕ್ಕಳ ಕೂದಲು, ಕೈ ಎಳೆದುಕೊಳ್ಳುತ್ತದೆ.

ಕಾಫಿಗಿಡ, ಸಕಲೇಶಪುರ

ಬೇಲಿ ಹಾಕಿಸಿದೆ ಅಕ್ಕ. ಜಾಲರಿಯ ಒಂದು ಸ್ಕ್ರೂ ಇರಲೇ ಇಲ್ಲ, ಹಾಕಿಸಿದೆ. ತುಂಬಿತು. ಈಗ ಹೇಳಿ ಅಣ್ಣ, ಯಾವುದು ಮೊದಲು?

ಪೂಲ್ ಕೆಲಸದವನು, ಮೈಸೂರು

ಮೊದಲು ಸುಮ್ನೆ ಮೋಟರ್ ಓಡಿಸಿ, ಏನೂ ಹಾಕದೆ. ಮಾರನೆಯ ದಿನ ಅಡುಗೆ ಸೋಡಾ. ಆಲ್ಕಲಿನಿಟಿ 50 ಇದ್ದದ್ದು 90ಕ್ಕೆ ಬರಬೇಕು, ನಿಮ್ಮ ನೀರಿಗೆ ಎರಡೂವರೆ ಕೆಜಿ ಬೇಕಾಗುತ್ತದೆ. ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಹಾಕಿ. ಆಲ್ಕಲಿನಿಟಿ ಇಲ್ಲದ ನೀರಿನಲ್ಲಿ ಪಿಎಚ್ ನಿಲ್ಲುವುದೇ ಇಲ್ಲ, ಬೆಳಿಗ್ಗೆ ಒಂದು ಸಂಜೆ ಒಂದು.

ಪಿಎಚ್ 7.2ರ ಆಸುಪಾಸಿಗೆ ಬಂದ ಮೇಲೆ ಕ್ಲೋರಿನ್, ಅದೂ ಸ್ವಲ್ಪ. 65 ಪರ್ಸೆಂಟ್‌ನ ಕ್ಯಾಲ್ಸಿಯಂ ಹೈಪೋ (ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಪುಡಿ ಕ್ಲೋರಿನ್) 120 ಗ್ರಾಂ ಹಾಕಿದರೆ 2 ಪಿಪಿಎಂ. ನಿಮ್ಮ ನೀರು ಮೆದು, ಸಿಮೆಂಟ್‌ನಿಂದ ಸುಣ್ಣ ಎಳೆಯುವಂಥದ್ದು. ಹೈಪೋದಲ್ಲಿರುವ ಕ್ಯಾಲ್ಸಿಯಂ ನಿಮಗೆ ಲಾಭವೇ. ಸರ್ಜಾಪುರದವರಿಗೆ ನಾನು ಇದನ್ನೇ ಹೇಳುವುದಿಲ್ಲ, ಅವರ ನೀರಿಗೆ ಲಿಕ್ವಿಡ್ ಕ್ಲೋರಿನ್ ಸರಿ. ಮಾಮೂಲಿ ಬ್ಲೀಚಿಂಗ್ ಪೌಡರ್ ಬೇಡ, ಕರಗದ ಸುಣ್ಣ ತಳದಲ್ಲಿ ಕೂರುತ್ತದೆ.

ನೀರು ಕೆಂಪಾಗುತ್ತದೆ, ಆಗಲಿ. ಆಗ ತುಕ್ಕನ್ನು ತಳಕ್ಕೆ ಇಳಿಸಲು ಆಲಂ (ಪಟಿಕ) 500 ಗ್ರಾಂ ಕರಗಿಸಿ ಹಾಕಿ, ಹಿಡಿಯನ್ನು ರೀಸರ್ಕುಲೇಟ್‌ಗೆ ತಿರುಗಿಸಿ ಒಂದೆರಡು ಗಂಟೆ ಓಡಿಸಿ. ಫಿಲ್ಟರ್ ಮೂಲಕ ಬಿಟ್ಟರೆ ಮರಳು ಕಟ್ಟಿಕೊಳ್ಳುತ್ತದೆ. ಆಮೇಲೆ ಮೋಟರ್ ಆಫ್. ರಾತ್ರಿಯಿಡೀ ನೀರು ಅಲುಗಾಡಬಾರದು. ಬೆಳಿಗ್ಗೆ ತಳದ ಗಸಿಯನ್ನು ವ್ಯಾಕ್ಯೂಮ್ ಹಾಕಿ, ಹಿಡಿ ವೇಸ್ಟ್‌ನಲ್ಲಿಟ್ಟು ಹೊರಗೆ ಹಾಕಿ. ಬ್ರಷ್ ಮೆಲ್ಲಗೆ ಎಳೆಯಿರಿ, ಅವಸರ ಮಾಡಿದರೆ ಎಲ್ಲ ಮತ್ತೆ ಮೇಲೆದ್ದು ಬರುತ್ತದೆ.

ಸರ್ಜಾಪುರ ರೋಡ್

ಇಷ್ಟೆಲ್ಲ ಆದ ಮೇಲೆ ತೇಲುವ ಡಬ್ಬಿಯಲ್ಲಿ ಟಿಸಿಸಿಎ ಅನ್ನುವ, ನಿಧಾನಕ್ಕೆ ಕರಗುವ ಕ್ಲೋರಿನ್ ಮಾತ್ರೆ ಹಾಕಿಬಿಟ್ಟರೆ ದಿನಾ ನೋಡುವ ಕೆಲಸ ಇಲ್ಲ, ಅಲ್ವಾ?

ಪೂಲ್ ಕೆಲಸದವನು, ಮೈಸೂರು

ಸುಲಭ ಹೌದು. ಆದರೆ ಆ ಮಾತ್ರೆ ಹುಳಿ. ಇವರ ನೀರು ಮೊದಲೇ ಆ ಕಡೆ ಜಾರುವಂಥದ್ದು. ಜೊತೆಗೆ ಅದರಿಂದ 10 ಪಿಪಿಎಂ ಕ್ಲೋರಿನ್ ಬಂದರೆ 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ, ಅದು ಹೋಗುವುದಿಲ್ಲ. ಈ ಆಸಿಡ್ ಆರಂಭಕ್ಕೆ 30 ಪಿಪಿಎಂ ಬೇಕೇ ಬೇಕು, ಇಲ್ಲದಿದ್ದರೆ ಬಿಸಿಲು ಮಧ್ಯಾಹ್ನದೊಳಗೆ ಕ್ಲೋರಿನ್ ಪೂರ್ತಿ ತಿಂದುಹಾಕುತ್ತದೆ. ಆದರೆ 80, 100 ಆದಾಗ ಕ್ಲೋರಿನ್ ಇದ್ದರೂ ಪಾಚಿ ಬೆಳೆಯುತ್ತದೆ. ಹೀಗೆ ಆದ ಪೂಲ್‌ಗೆ ಅರ್ಧ ನೀರು ತೆಗೆಯದೆ ಬೇರೆ ದಾರಿಯಿಲ್ಲ.

ಇವರಿಗೆ ನನ್ನ ಸಲಹೆ, ಇದೇ ಸಯನ್ಯೂರಿಕ್ ಆಸಿಡ್ ಸ್ಟೆಬಿಲೈಸರ್ ಅಂತಲೇ ಸಿಗುತ್ತದೆ, 1.1 ಕೆಜಿಯಷ್ಟನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ ನೀರು ಬರುವ ಬಾಯಿಯ ಮುಂದೆ ತೂಗುಹಾಕಿ. ನಿಧಾನಕ್ಕೆ ಕರಗುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು

ದೊಡ್ಡ ಅಕ್ಷರದಲ್ಲಿ ಬರೆಯಬೇಕಾದ್ದು ಒಂದಿದೆ. ಟಿಸಿಸಿಎ ಮಾತ್ರೆ ಹಾಕಿದ್ದ ಡಬ್ಬಿಗೆ ಕ್ಯಾಲ್ಸಿಯಂ ಹೈಪೋ ಹಾಕಬಾರದು. ಎರಡಕ್ಕೂ ಅದೇ ಚಮಚ ಕೂಡ ಬಳಸಬಾರದು. ಎರಡೂ ಕ್ಲೋರಿನ್ನೇ ಅಂತ ಜನ ಬೆರೆಸುತ್ತಾರೆ, ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಆಸಿಡ್ ಮತ್ತು ಯಾವುದೇ ಕ್ಲೋರಿನ್ ಹತ್ತಿರ ಹತ್ತಿರ ಇಡಬೇಡಿ, ಬೆರೆತರೆ ವಿಷದ ಗಾಳಿ. ಯಾವಾಗಲೂ ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಹಾಕಬೇಡಿ. ತೋಟದ ಗೊಬ್ಬರ, ಡೀಸೆಲ್ ಇಡುವ ಶೆಡ್‌ನಲ್ಲಂತೂ ಇವನ್ನು ಇಡಲೇಬೇಡಿ.

ಕಾಫಿಗಿಡ, ಸಕಲೇಶಪುರ

ಶೆಡ್‌ನಿಂದ ತೆಗೆಸಿದೆ ಮೇಷ್ಟ್ರೇ.

ಮೈಸೂರಿನ ಅಣ್ಣ ಹೇಳಿದಂತೆಯೇ ಆಯಿತು. ಸೋಡಾ ಹಾಕಿ, ಮೋಟರ್ ಓಡಿಸಿದ ಮೇಲೆ ಪಿಎಚ್ 7.3. ಹೈಪೋ ಹಾಕಿದೆ, ಟ್ಯಾಂಕ್‌ನಲ್ಲಿ ಒಂದಷ್ಟು ಉಳಿದದ್ದರಿಂದ ಬಕೆಟ್‌ನಷ್ಟು ಕೆಂಪಾಗಲಿಲ್ಲ, ತೆಳು ಚಹಾದ ಬಣ್ಣ. ಅಮ್ಮ ನೋಡಿ "ಇದರಲ್ಲಿ ಮಕ್ಕಳನ್ನು ಇಳಿಸ್ತೀಯೇನೋ" ಅಂತ ಬೈದರು. ಆಲಂ ಹಾಕಿದ ಮಾರನೆಯ ಬೆಳಿಗ್ಗೆ ನೀರು ತಿಳಿ, ತಳದಲ್ಲಿ ಮಾತ್ರ ಕಂದು ಮೋಡ. ವ್ಯಾಕ್ಯೂಮ್ ಹಾಕಿದಾಗ ಮಟ್ಟ ನಾಲ್ಕು ಇಂಚು ಇಳಿಯಿತು, ಮತ್ತೆ ತುಂಬಿಸಿದೆ. ಆ ಕೆಂಪು ನೀರನ್ನು ಹಳ್ಳಕ್ಕೆ ಬಿಡದೆ ಖಾಲಿ ಜಾಗದಲ್ಲಿ ಇಂಗಿಸಿದೆ.

ಈಗ ಒಂದು ಅನುಮಾನ. ದಿನಾ ಸ್ವಲ್ಪ ಸ್ವಲ್ಪ ನೀರು ಇಳಿಯುತ್ತಿದೆ. ಆ ಗುಡ್ಡದ ಗೋಡೆ ಮತ್ತೆ ಸೋರುತ್ತಿದೆಯಾ?

ಮೋಟರ್ ರಿಪೇರಿ, ಹಾಸನ

ಬಕೆಟ್ ಇಟ್ಟು ನೋಡಿ. ಪೂಲ್ ಮೆಟ್ಟಿಲ ಮೇಲೆ ಬಕೆಟ್ ಇಟ್ಟು ಅದರಲ್ಲಿ ಪೂಲ್‌ನಷ್ಟೇ ಮಟ್ಟಕ್ಕೆ ನೀರು ತುಂಬಿಸಿ, ಒಳಗೂ ಹೊರಗೂ ಗುರುತು ಹಾಕಿ. 24 ಗಂಟೆ ಬಿಟ್ಟು ಅಳೆಯಿರಿ. ಎರಡೂ ಒಂದೇ ಸಮ ಇಳಿದಿದ್ದರೆ ಬಿಸಿಲು. ಪೂಲ್ ಜಾಸ್ತಿ ಇಳಿದಿದ್ದರೆ ಸೋರಿಕೆ. ಒಂದು ದಿನ ಮೋಟರ್ ಓಡಿಸಿ, ಒಂದು ದಿನ ಓಡಿಸದೆ ಮಾಡಿದರೆ ಸೋರುತ್ತಿರುವುದು ಪೈಪೋ ಗೋಡೆಯೋ ಅದೂ ಗೊತ್ತಾಗುತ್ತದೆ. ನಿಮ್ಮ ಅಳತೆಗೆ 5 ಮಿಲಿಮೀಟರ್ ಅಂದರೆ 160 ಲೀಟರ್, ಈ ಬಿಸಿಲಿಗೆ ಅದು ಸಹಜ.

ಕಾಫಿಗಿಡ, ಸಕಲೇಶಪುರ

ಬಕೆಟ್, ಪೂಲ್ ಎರಡೂ ಸಮ. ಗೋಡೆ ಗೆದ್ದಿತು. ಇವತ್ತಿನ ಟೆಸ್ಟ್: ಕ್ಲೋರಿನ್ 2, ಪಿಎಚ್ 7.4, ಆಲ್ಕಲಿನಿಟಿ 85. ಮಕ್ಕಳನ್ನು ಇಳಿಸಬಹುದಾ?

ಪೂಲ್ ಕೆಲಸದವನು, ಮೈಸೂರು

ಆಳದ ತುದಿಯಲ್ಲಿ ದಂಡೆ ಮೇಲೆ ನಿಂತು ತಳದ ಜಾಲರಿಯ ತೂತುಗಳು ಬೇರೆ ಬೇರೆಯಾಗಿ ಕಾಣುತ್ತವಾ ನೋಡಿ. ಕಂಡರೆ ಇಳಿಸಿ. ಮಸುಕಾಗಿದ್ದರೆ ನಂಬರ್ ಎಷ್ಟೇ ಚೆನ್ನಾಗಿದ್ದರೂ ಬೇಡ, ಮುಳುಗಿದ ಮಗು ಕಣ್ಣಿಗೆ ಕಾಣುವುದಿಲ್ಲ. ಗಡಸುತನ ಇನ್ನೂ ಕಡಿಮೆ ಇರುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಐದು ಕೆಜಿಯಷ್ಟು ಹಾಕಿದರೆ ಈಗಿರುವುದಕ್ಕಿಂತ ನೂರರಷ್ಟು ಏರುತ್ತದೆ. ಎರಡು ಸಲವಾಗಿ ಹಾಕಿ, ನೀರಿಗೆ ಹಾಕಿದಾಗ ಬಿಸಿಯಾಗುತ್ತದೆ, ಹುಷಾರು.

ಕಾಫಿಗಿಡ, ಸಕಲೇಶಪುರ

ತೂತು ಎಣಿಸಬಹುದು, ಅಷ್ಟು ತಿಳಿ. ಕೊನೆಯ ಪ್ರಶ್ನೆ. ಜೂನ್‌ನಲ್ಲಿ ಅವರೆಲ್ಲ ವಾಪಸ್ ಹೋದ ಮೇಲೆ ಏನು ಮಾಡಲಿ? ಮತ್ತೆ ಖಾಲಿ ಮಾಡುವುದಾ?

ಪೂಲ್ ಕೆಲಸದವನು, ಮೈಸೂರು

ಮಾಡಬೇಡಿ. ಮಳೆಗಾಲದಲ್ಲಿ ನಿಮ್ಮ ಗುಡ್ಡದ ಪಕ್ಕದ ಪೂಲ್ ತುಂಬಿಯೇ ಇರಬೇಕು. ಎಲೆ ಬೀಳದಂತೆ ಬಲೆ ಕಟ್ಟಿ. ದಿನಕ್ಕೆ ಎರಡು ಗಂಟೆ ಮೋಟರ್ ಓಡಿಸಿದರೆ ಎರಡು ಯೂನಿಟ್ ಕರೆಂಟ್ ಅಷ್ಟೇ. ಓವರ್‌ಫ್ಲೋ ಪೈಪ್ ಬಾಯಿ ಕಟ್ಟದಂತೆ ನೋಡಿಕೊಳ್ಳಿ. ಒಂದು ಇಂಚು ಮಳೆಗೆ 800 ಲೀಟರ್ ಸೇರುತ್ತದೆ, ಆಲ್ಕಲಿನಿಟಿ ಇಳಿಯುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಟೆಸ್ಟ್ ಮಾಡಿ ಸೋಡಾ, ಕ್ಲೋರಿನ್ ಹಾಕುತ್ತಿರಿ.

ಹೇಮಾವತಿ ದಂಡೆ

ಓವರ್‌ಫ್ಲೋ ನೀರು ಯಾವ ಕಡೆ ಬಿಡುತ್ತೀರಿ? ಕೆಳಗಡೆ ನಮ್ಮ ಗದ್ದೆ ಇದ್ದರೂ ಇರಬಹುದು.

ಕಾಫಿಗಿಡ, ಸಕಲೇಶಪುರ

ಇಂಗುಗುಂಡಿ ತೆಗೆಸುತ್ತಿದ್ದೇನೆ ಅಕ್ಕ, ನಮ್ಮ ತೋಟದ ಬೇಲಿಯ ಒಳಗೇ.